ಹಸಿರಿಗೆ ತಿರುಗಿದ ಆಲೂಗೆಡ್ಡೆ

ಆಲೂಗೆಡ್ಡೆಯ ಸಿಪ್ಪೆ ತೆಗೆಯಬಾರದು ಎಂದು ನಮ್ಮ ಶಾಲೆಯಲ್ಲಿ ಕಟ್ಟಪ್ಪಣೆ ಮಾಡಿದವಳು ನಾನೇ. ನಂಜನಗೂಡಿನಿಂದ ಎರಡು ಬಸ್ಸು ಹಿಡಿದು ಸೋಮನಾಥಪುರದ ಹತ್ತಿರದ ಹಳ್ಳಿಗೆ ಹೋಗುವ ಟೀಚರ್ ನಾನು. ಬಸ್ಸಿನಲ್ಲಿ ಓದಿದ್ದನ್ನು ಮಾರನೆಯ ದಿನ ಯಾರ ಮೇಲಾದರೂ ಪ್ರಯೋಗಿಸದಿದ್ದರೆ ನನಗೆ ಸಮಾಧಾನವಿಲ್ಲ. ಆಲೂಗೆಡ್ಡೆಯಲ್ಲಿ ಆಂಟಿಆಕ್ಸಿಡೆಂಟ್‌ಗಳಿವೆ, ಜೀವಕೋಶಗಳು ಹಾಳಾಗದಂತೆ ಅವು ಕಾಯುತ್ತವೆ, ಸಿಪ್ಪೆಯಲ್ಲಿ ಹೆಚ್ಚು ಇರುತ್ತವೆ ಎಂದು ಓದಿದ ದಿನ ಬಲು ಖುಷಿಯಾಗಿತ್ತು. ನಮ್ಮ ಮಕ್ಕಳು ಸೊಪ್ಪನ್ನು ತಟ್ಟೆಯಂಚಿಗೆ ತಳ್ಳಿ ಆಲೂಗೆಡ್ಡೆಯನ್ನು ಹುಡುಕಿ ಹುಡುಕಿ ತಿನ್ನುತ್ತಾರೆ.

ಬಿಸಿಯೂಟ ಬೇಯಿಸುವ ಅಕ್ಕ ನನಗಿಂತ ಹಿರಿಯರು. "ಸಿಪ್ಪೆ ಸಮೇತ ಬೇಯ್ಸಿದ್ರೆ ಸಾರು ಮಣ್ಣು ವಾಸ್ನೆ ಬತ್ತದೆ ಮೇಡಂ" ಎಂದರು. ಚೆನ್ನಾಗಿ ಉಜ್ಜಿ ತೊಳೆಯಿರಿ, ಶಕ್ತಿಯೆಲ್ಲ ಸಿಪ್ಪೆಯಲ್ಲೇ ಇರುವುದು ಎಂದು ಹತ್ತು ನಿಮಿಷ ಪಾಠ ಮಾಡಿದೆ. ಬೆಳಕು ತಾಗಿ ಹಸಿರಾದ ಗೆಡ್ಡೆಯಲ್ಲಿ ವಿಷದ ಅಂಶ ಸೇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹುಮ್ಮಸ್ಸಿನಲ್ಲಿ ಅದನ್ನು ಹೇಳುವುದನ್ನೇ ಮರೆತೆ.

ಒಂದು ಸೋಮವಾರ ಊಟ ಮುಗಿದ ಮೇಲೆ ಚಾಕ್‌ಪೀಸ್ ತರಲು ಸ್ಟೋರ್ ರೂಮಿಗೆ ಹೋದೆ. ಕಿಟಕಿಯ ಕೆಳಗೆ ಖಾಲಿಯಾದ ಚೀಲ ಬಿದ್ದಿತ್ತು. ಪಕ್ಕದಲ್ಲಿ ಉರುಳಿದ್ದ ಎರಡು ಆಲೂಗೆಡ್ಡೆ ಅರ್ಧಕ್ಕರ್ಧ ಹಸಿರು. ಚೀಲದಲ್ಲಿದ್ದದ್ದೆಲ್ಲ ಅವತ್ತಿನ ಸಾರಿಗೆ ಬಿದ್ದಿರಬೇಕು. ಬಡಿಸುವ ಮೊದಲು ಟೀಚರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಅವತ್ತು ಸರದಿ ನನ್ನದು. ಮೊಬೈಲಿನಲ್ಲಿ ಹಾಜರಾತಿ ತುಂಬುತ್ತಿದ್ದವಳು ಸಹಿ ಹಾಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ್ದೆ. ಒಂದು ಚೂರು ಬಾಯಿಗೆ ಹಾಕಿದ್ದರೆ ಕಹಿ ಗೊತ್ತಾಗುತ್ತಿತ್ತು.

ಅಕ್ಕ ಆಗಲೇ ಮನೆಗೆ ಹೋಗಿದ್ದರು. ಹೆಡ್‌ಮಾಸ್ಟರಿಗೆ ಹೇಳಬೇಕಿತ್ತು, ಆ ಸಹಿಯ ಹೆದರಿಕೆಗೆ ಹೇಳಲಿಲ್ಲ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ. ಮಗ್ಗಿ ಹೇಳಿಸುತ್ತಾ ಮಕ್ಕಳ ಮುಖಗಳನ್ನೇ ನೋಡಿದೆ. ಒಬ್ಬಳು ಡೆಸ್ಕಿನ ಮೇಲೆ ತಲೆಯಿಟ್ಟಾಗ ಓಡಿಹೋಗಿ ಹಣೆ ಮುಟ್ಟಿದೆ, ನಿದ್ದೆ ಮಾಡುತ್ತಿದ್ದಳು. ಯಾರಿಗಾದರೂ ಹೊಟ್ಟೆನೋವಿದೆಯಾ ಎಂದು ಕೇಳಿದ್ದೇ ತಪ್ಪಾಯಿತು, ಅರ್ಧ ಕ್ಲಾಸು ಕೈಯೆತ್ತಿತು. ಬೆಲ್ ಹೊಡೆದ ಕೂಡಲೇ ಆ ನೋವಿನವರೇ ಎಲ್ಲರಿಗಿಂತ ಮುಂದೆ ಓಡಿದರು.

ನಾನು ಹಿಂದಿನ ಬೀದಿಯಲ್ಲಿದ್ದ ಅಕ್ಕನ ಮನೆಗೆ ಹೋದೆ. ಸಾರಿಗೆ ಹಸಿರು ಗೆಡ್ಡೆ ಹಾಕಿದಿರಾ ಎಂದು ಬಾಗಿಲಲ್ಲೇ ಕೇಳಿದೆ.

"ಇಲ್ಲ ಮೇಡಂ. ಮಕ್ಳು ನೋಡಿ ಮೂತಿ ತಿರುಗುಸ್ತವೆ ಅಂತ ಎಲ್ಲಾನೂ ಆರಿಸಿ ತೆಗ್ದೆ."

ಹೋದ ಜೀವ ಬಂತು. ಆರಿಸಿದ್ದನ್ನು ಏನು ಮಾಡಿದಿರಿ ಎಂದೆ.

"ಬಿಸಾಕಕ್ಕೆ ಮನ್ಸು ಬರ್ನಿಲ್ಲ. ಮನೆಗ್ ತಂದು ಪಲ್ಯ ಮಾಡ್ಕಂಡು ಉಂಡೆ."

ಅವರೊಬ್ಬರೇ ತಿಂದಿದ್ದರು. ಮಧ್ಯಾಹ್ನವೆಲ್ಲ ಅಷ್ಟು ಮಕ್ಕಳಿಗಾಗಿ ಬೆವೆತವಳಿಗೆ ಇವರ ನೆನಪು ಒಮ್ಮೆಯೂ ಬಂದಿರಲಿಲ್ಲ. ವಿಷಯ ಬಿಡಿಸಿ ಹೇಳಿದೆ, ಆಸ್ಪತ್ರೆಗೆ ಹೋಗೋಣ ಎಂದೆ. "ನಂಗೇನಾಗಿದ್ದದು, ಬಸ್ಸು ಬತ್ತದೆ ಓಗಿ" ಎಂದರು. ನಾನು ಹಿಡಿಯಬೇಕಿದ್ದ ನರಸೀಪುರದ ಬಸ್ಸು ಬಂದು ಹೋಯಿತು. ನಾನು ಜಗಲಿಯಲ್ಲಿ ಅವರ ಮುಖ ನೋಡುತ್ತಾ ಕುಳಿತೇ ಇದ್ದೆ. ಹೊತ್ತು ಮುಳುಗಿದರೂ ಅವರಿಗೆ ಏನೂ ಆಗಲಿಲ್ಲ, ಆಮೇಲೂ ಆಗಲಿಲ್ಲ.

ಏಳುವಾಗ ತಡೆಯಲಾರದೆ ಕೇಳಿದೆ, ಪಲ್ಯ ಕಹಿ ಇರಲಿಲ್ಲವೇ ಎಂದು.

"ಇತ್ತು ಮೇಡಂ. ಸಿಪ್ಪೆ ಒಳ್ಳೇದು ಅಂತ ನೀವೇ ಅಂದಿದ್ರಲ್ಲ, ಅಂಗೇ ನುಂಗ್ದೆ" ಎಂದರು.