ಅಪ್ಪನ ಟೈರ್ ಚಪ್ಪಲಿ

ನಮ್ಮ ಅಪ್ಪ ಮೂವತ್ತೈದು ವರ್ಷ ಲಾರಿ ಓಡಿಸಿದವನು. ಬೇರೆಯವರು ಓಡಿಸುವ ಗಾಡಿಯಲ್ಲಿ ಅವನು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಬಸ್ಸಿರಲಿ, ಆಟೋ ಇರಲಿ, ಕೂತಲ್ಲೇ ಖಾಲಿ ನೆಲದ ಮೇಲೆ ಬ್ರೇಕ್ ಒತ್ತುತ್ತಿರುತ್ತಾನೆ. ಕಣ್ಣಿನ ಪೊರೆ ತೆಗೆಸಿದ ಮೇಲೂ ನೋಟ ಮೊದಲಿನಂತಾಗದೆ ಅವನು ಸ್ಟೇರಿಂಗ್ ಬಿಡಬೇಕಾಯಿತು. ಸರಿಯಾಗಿ ಅದೇ ವರ್ಷ ನಾವು ಮನೆಗಾಡಿ ಮಾಡಿಕೊಂಡೆವು.

ನಾನು ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷಿನ್ ಮೇಲೆ ಕೆಲಸ ಮಾಡುವವಳು. ಯಾವುದೋ ಶಾಲೆಯವರು ಬೇಡವೆಂದು ಬಿಟ್ಟ ಮಿನಿ ಬಸ್ಸನ್ನು ತಂದು, ಸೀಟು ಕಿತ್ತು, ಜೊತೆಯ ಕೆಲಸಗಾರರ ಸಹಾಯದಿಂದ ಭಾನುವಾರಗಳಲ್ಲಿ ಮಂಚ, ಒಲೆಕಟ್ಟೆ, ನೀರಿನ ಟ್ಯಾಂಕು ಕೂಡಿಸಿದೆ. ಕೃಷ್ಣಾ ನದಿಯ ದಂಡೆಯಲ್ಲಿ ಗಾಡಿ ನಿಲ್ಲಿಸಿಕೊಂಡು, ತನ್ನದೇ ಒಲೆಯ ಮೇಲೆ ರೊಟ್ಟಿ ಬಡಿಯಬೇಕೆಂಬುದು ಅವ್ವನ ಆಸೆ. ಓಡಿಸುವವಳು ನಾನೇ. ಅದಕ್ಕೆ ಅಪ್ಪ ಒಂದು ಷರತ್ತು ಹಾಕಿದ.

"ತುಂಬಿದ ಗಾಡಿ ಐತಿ. ಮುಂದಿನ ಟೈರ್ ಒಡದಾಗ ಬ್ರೇಕ್ ಹೊಡದ್ರ ಮಗ್ಗಲಾಗಿ ಬೀಳ್ತೈತಿ. ಎರಡೂ ಕೈಲೆ ಸ್ಟೇರಿಂಗ್ ಗಟ್ಟಿ ಹಿಡಿ, ಎಕ್ಸಲೇಟರ್ ಮೆಲ್ಲಕ ಬಿಡು. ಅದು ತಾನಽ ಸುಸ್ತಾಗತೈತಿ. ಆಮ್ಯಾಲೆ ಎಡಕ್ಕ ತಗೊ. ಬ್ರೇಕ್ ಮ್ಯಾಲೆ ಕಾಲಿಟ್ಟಿ ಅಂದ್ರ ಅವತ್ತಽ ಚಾವಿ ನನ್ನ ಕೈಯಾಗ ಕೊಡಬೇಕು. ಗಾಡಿ ಮಾರಿಬಿಡ್ತೀನಿ."

ಅಷ್ಟಕ್ಕೇ ಬಿಡಲಿಲ್ಲ. ಎರಡು ತಿಂಗಳು ಮನೆಯಲ್ಲಿ ನನಗೆ ತಾಲೀಮು. ನಾನು ಈರುಳ್ಳಿ ಹೆಚ್ಚುತ್ತಿರಲಿ, ಜಡೆ ಹಾಕಿಕೊಳ್ಳುತ್ತಿರಲಿ, ಅವನು ಹಿಂದಿನಿಂದ ಬಂದು ಸ್ಟೀಲ್ ತಟ್ಟೆಗೆ ಸೌಟಿನಿಂದ ಬಾರಿಸಿ "ಟೈರ್ ಹೋತು!" ಎಂದು ಕೂಗುವುದು. ನಾನು ಕೈಯಲ್ಲಿದ್ದದ್ದನ್ನು ಬಿಟ್ಟು, ಇಲ್ಲದ ಸ್ಟೇರಿಂಗನ್ನು ಹಿಡಿದು, ಬಲಗಾಲನ್ನು ಎತ್ತಿ ಗಾಳಿಯಲ್ಲಿ ನಿಲ್ಲಿಸಬೇಕು. "ನಿಮ್ಮ ಲಾರಿ ಸಾಲಿ ಹೊರಗ ಇಟ್ಕೊಳ್ರಿ, ತಟ್ಟಿ ಎಲ್ಲಾ ತಗ್ಗು ಬಿದ್ದಾವು" ಎಂದು ಅವ್ವ ರೇಗುತ್ತಿದ್ದಳು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಕಬ್ಬಿಣ ಕಡೆಯುವ ನನ್ನ ಕೈಕಾಲಿಗೆ ಇವನ ಪಾಠ ಬೇಕೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಹೊರಡುವ ಬೆಳಿಗ್ಗೆ ಅಪ್ಪ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟ. ರಾಡಿನಿಂದ ಒಂದೊಂದು ಟೈರಿಗೂ ಬಡಿದು ಸದ್ದು ಕೇಳಿದ. ತಿಂಗಳುಗಟ್ಟಲೆ ನಿಂತ ಗಾಡಿ, ಎಡಗಡೆ ಮುಂದಿನ ಟೈರಿನ ಪಕ್ಕದಲ್ಲಿ ಸಣ್ಣ ಬಿರುಕು ಬಿಟ್ಟಿದೆ, ಬದಲಿಸೋಣ ಎಂದೆ. "ಸದ್ದು ಚಲೋ ಐತಿ, ಇನ್ನೂ ಭಾಳ ಓಡ್ತೈತಿ" ಎಂದ. ಟೈರ್ ಹಾಗೇ ಉಳಿಯಿತು.

ಅವ್ವನದೂ ಒಂದು ಕಾನೂನು. ಇದು ಮನೆ, ಒಳಗೆ ಒಲೆ ಇದೆ, ಮೂಲೆಯಲ್ಲಿ ದೇವರ ಫೋಟೊ ಇದೆ. ಚಪ್ಪಲಿ ಹಾಕಿಕೊಂಡು ಯಾರೂ ಓಡಾಡುವಂತಿಲ್ಲ, ಡ್ರೈವರ್ ಕೂಡ. ಹಾಗಾಗಿ ನಾನು ಬರಿಗಾಲು. ನನ್ನ ಪಕ್ಕದ ಸೀಟಿನಲ್ಲಿ ಕೂತ ಅಪ್ಪನೂ ಹಳೆ ಲಾರಿ ಟೈರನ್ನು ಕೊಯ್ದು ಹೊಲಿದ ತನ್ನ ದಪ್ಪ ಚಪ್ಪಲಿಗಳನ್ನು ಬಿಚ್ಚಿ ಕಾಲ ಬಳಿ ಇಟ್ಟುಕೊಂಡ.

ಗಚ್ಚಿಬೌಲಿ ಬಳಿ ರಿಂಗ್ ರೋಡ್ ಹತ್ತಿದಾಗ ನನಗಾದ ಖುಷಿ ಹೇಳತೀರದು! ಅಗಲ ರಸ್ತೆ, ಎರಡೂ ಕಡೆ ಬಂಡೆಗಲ್ಲು, ಹಿಂದೆ ಪಾತ್ರೆಗಳ ಗಲಗಲ. ಒಂದು ಇಡೀ ಮನೆಯನ್ನು ನಾನು ಓಡಿಸುತ್ತಿದ್ದೆ. ಶಂಷಾಬಾದ್ ಇನ್ನೇನು ಬಂತು ಅನ್ನುವಾಗ ಹಿಂದೆ ಕೂತಿದ್ದ ಅವ್ವ, "ಮಸರಿನ ಗಡಿಗಿ ಉಳ್ಳಾಕತ್ತೈತಿ" ಎಂದು ಬೆಲ್ಟ್ ಬಿಚ್ಚಿ ಎದ್ದಳು. "ಅವ್ವಾ, ಕೂಡು!" ಎಂದು ನಾನು ಕೂಗಿದ್ದಷ್ಟೇ.

ಢಮ್!

ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಎಡಕ್ಕೆ ಎಳೆಯಿತು. ಕಬ್ಬಿಣದ ತಡೆಗೋಡೆ ಮೈಮೇಲೆ ಬಂದಂತಾಯಿತು. ಅವ್ವ ಹಿಂದೆ ನಿಂತಿದ್ದಾಳೆ ಎಂಬುದೊಂದೇ ತಲೆಯಲ್ಲಿ. ಕೈಗಳು ಕಲಿತದ್ದನ್ನು ಮಾಡಿದವು: ಗಟ್ಟಿ ಹಿಡಿದು ನೇರಕ್ಕೆ ಎಳೆದವು. ಆದರೆ ಕಾಲು? ಎರಡು ತಿಂಗಳ ತಾಲೀಮನ್ನೆಲ್ಲ ಮರೆತು ಅದು ಬ್ರೇಕಿನ ಮೇಲೆ ಬಿತ್ತು, ಮೈಯ ಭಾರವೆಲ್ಲ ಹಾಕಿ ಒತ್ತಿತು.

ಬ್ರೇಕ್ ಕೆಳಗೆ ಹೋಗಲಿಲ್ಲ. ಕಲ್ಲಿಗೆ ಒದ್ದ ಹಾಗಿತ್ತು. ಪಕ್ಕದಲ್ಲಿ ಅಪ್ಪ ಮಾತ್ರ, "ಹಿಡಿ... ಹಿಡಿ... ಬಿಡಬ್ಯಾಡ" ಎನ್ನುತ್ತಿದ್ದ. ಗಾಡಿ ಪಟಪಟ ಬಡಿದುಕೊಳ್ಳುತ್ತ, ಕುಂಟುತ್ತ, ನಿಧಾನವಾಗಿ ಸುಸ್ತಾಯಿತು. ಕೆಳಗಿನ ಗೇರಿಗೆ ಇಳಿಸಿ, ಎಡಗಡೆಯ ಅಂಚಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ.

ತಿರುಗಿ ನೋಡಿದರೆ ಅವ್ವ ಹಾಸಿಗೆಯ ಮೇಲೆ ಬಿದ್ದಿದ್ದಳು, ತಲೆಯಿಂದ ಸೊಂಟದವರೆಗೆ ಮೊಸರು. ಒಂದು ಗೀರೂ ಆಗಿರಲಿಲ್ಲ. ನಾನು ಅತ್ತುಬಿಟ್ಟೆ, ನಕ್ಕುಬಿಟ್ಟೆ, ಎರಡೂ ಒಟ್ಟಿಗೇ. ನಾಲ್ಕೂ ಮೂಲೆಯ ದೀಪ ಹಚ್ಚಿ, ಅವ್ವನನ್ನು ಕೆಳಗಿಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ, ಗಾಡಿಯ ಹಿಂದೆ ದೂರದಲ್ಲಿ ಕೆಂಪು ತ್ರಿಕೋನ ಇಟ್ಟು ಬಂದೆ. ಅವ್ವ ಸೆರಗಿನಿಂದ ಮೊಸರು ಒರೆಸಿಕೊಳ್ಳುತ್ತ ಅಲ್ಲಿಂದಲೇ ಕೂಗಿದಳು: "ನೋಡಿದ್ರೇನ್ರಿ? ನನ್ನ ಮಗಳು ಬ್ರೇಕ್ ಮುಟ್ಟಲಿಲ್ಲ!"

ಅಪ್ಪ ಡ್ರೈವರ್ ಸೀಟಿನ ಮುಂದೆ ಬಗ್ಗಿ, ಬ್ರೇಕ್ ಪೆಡಲಿನ ಅಡಿಯಿಂದ ಏನನ್ನೋ ಎಳೆದು ತೆಗೆದ. ಅವನದೇ ಒಂದು ಚಪ್ಪಲಿ. ಯಾವುದೋ ತಿರುವಿನಲ್ಲಿ ಜಾರಿ ಬಂದು ಅಲ್ಲಿ ಸಿಕ್ಕಿಕೊಂಡಿತ್ತು. ಅದರ ಅಟ್ಟೆಯ ಮೇಲೆ ಪೆಡಲಿನ ಅಚ್ಚು ಆಳವಾಗಿ ಮೂಡಿತ್ತು. ಅಷ್ಟು ಜೋರಾಗಿ ಒತ್ತಿದ್ದೆ ನಾನು.

ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಹೆಬ್ಬೆರಳಿನಿಂದ ಅಚ್ಚನ್ನು ಸವರಿದ. ನಾಚಿಕೆಯಿಂದ ನನ್ನ ಕಿವಿ ಕಾದವು. ಇನ್ನು ಬಚ್ಚಿಡುವುದೇನಿದೆ! ಚಾವಿ ತೆಗೆದು ಅವನ ಮುಂದೆ ಹಿಡಿದೆ. "ಅಪ್ಪಾ, ನಾ ಬ್ರೇಕ್ ಒತ್ತಿದೆ."

"ಗೊತ್ತಾತು" ಎಂದ. ಹರಿದ ಟೈರಿನ ಕಡೆ ನೋಡಿದ, ಬಿರುಕು ಇದ್ದ ಜಾಗದಲ್ಲೇ ಅದು ಬಾಯಿ ಬಿಟ್ಟಿತ್ತು. "ನೀ ಬದಲಿ ಮಾಡೂಣು ಅಂದಿದ್ದಿ. ನಾ ಬ್ಯಾಡ ಅಂದೆ. ಡ್ರೈವರ್ ಕಾಲಾಡೂ ಜಾಗಾದ ಹತ್ರ ಚಪ್ಪಲಿ ಇಟ್ಟಾಂವನೂ ನಾನಽ." ಚಪ್ಪಲಿಯನ್ನು ಕೆಳಗಿಟ್ಟು, "ಜಾಕ್ ತಾ" ಎಂದ. ಚಾವಿಗೆ ಕೈ ಚಾಚಲೇ ಇಲ್ಲ.

ಸ್ಟೆಪ್ನಿ ಹಾಕಿ ಹೊರಟೆವು. ಅವ್ವನ ಕಾನೂನು ಅಲ್ಲೇ ಮುರಿಯಿತು. ಅಪ್ಪ ಎರಡೂ ಚಪ್ಪಲಿ ಮೆಟ್ಟಿಕೊಂಡೇ ಕೂತ, ಅವ್ವ ತಾನಾಗಿಯೇ ಬೆಲ್ಟ್ ಬಿಗಿದುಕೊಂಡಳು. ಮೆಹಬೂಬ್‌ನಗರದ ರಸ್ತೆಗೆ ಇಳಿದು ಸ್ವಲ್ಪ ದೂರ ಬಂದಿದ್ದೆವು. ಹಿಂದೆ ಅಡುಗೆ ಕಟ್ಟೆಯಿಂದ ಒಂದು ಸ್ಟೀಲ್ ತಟ್ಟೆ ಜಾರಿ ಢಣ್ ಎಂದು ಬಿತ್ತು.

ನನ್ನ ಕೈಗಳು ಸ್ಟೇರಿಂಗ್ ಬಿಗಿಹಿಡಿದವು. ಬಲಗಾಲು ಎಕ್ಸಲೇಟರ್ ಬಿಟ್ಟು ಮೇಲೆದ್ದಿತು, ಬ್ರೇಕಿನ ಕಡೆ ಹೋಗದೆ ಹಾಗೇ ಗಾಳಿಯಲ್ಲಿ ನಿಂತಿತು.

ಅಪ್ಪ ರಸ್ತೆ ನೋಡಲಿಲ್ಲ, ತಟ್ಟೆ ನೋಡಲಿಲ್ಲ. ಬಗ್ಗಿ ನನ್ನ ಕಾಲನ್ನೇ ನೋಡಿದ. "ಹಾಂ, ನಡಿ" ಎಂದ. ಆಮೇಲೆ ಟವೆಲ್ಲನ್ನು ಮಡಚಿ ಕಿಟಕಿಗೆ ಒತ್ತಿಟ್ಟು, ಅದಕ್ಕೆ ತಲೆ ಆನಿಸಿದ. ಮೆಹಬೂಬ್‌ನಗರ ಬರುವಷ್ಟರಲ್ಲಿ ಅಪ್ಪ ಗೊರಕೆ ಹೊಡೆಯುತ್ತಿದ್ದ.