ರಸ್ತೆಗೆ ಹಾಸಿದ ಹುರುಳಿ

ಬಿಡದಿಗೆ ಕಾರ್ಖಾನೆಗಳು ಬಂದ ಹೊಸತು. ನಾನು ಮಾಗಡಿಯಿಂದ ಬಸ್ಸಿನಲ್ಲಿ ಸೆಕೆಂಡ್ ಶಿಫ್ಟಿಗೆ ಹೋಗುತ್ತಿದ್ದೆ. ಸುಗ್ಗಿ ಬಂತೆಂದರೆ ದಾರಿಯ ಟಾರು ರಸ್ತೆಯೇ ಕಣ. ಕಿತ್ತ ಹುರುಳಿ ಗಿಡ ಹರಡಿಬಿಟ್ಟರೆ ಸಾಕು, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಿಕೊಡುತ್ತವೆ.

ಒಂದು ದಿನ ಆ ಗಿಡ ಬಸ್ಸಿನಡಿ ಸುತ್ತಿಕೊಂಡು ಹೊಗೆಯೆದ್ದಿತು. ಡ್ರೈವರ್ ಇಳಿದು, ಹುರುಳಿ ಹಾಸಿದ್ದ ಮುದುಕಿಯ ಮೇಲೆ ರೇಗಿದ.

"ದಿನಾ ತುಳ್ಕೊಂಡೇ ಹೋಯ್ತಿದ್ರಲ್ಲ, ಇವತ್ತೇನ್ ಬಂತು ನಿಮ್ಗೆ?" ಅನ್ನುತ್ತಲೇ ಆಕೆ ಕುಡುಗೋಲು ಕೊಟ್ಟಳು. ಕೊಯ್ದು ಕಿತ್ತು ಬಿಡದಿ ಮುಟ್ಟುವಾಗ ಶಿಫ್ಟ್ ಶುರುವಾಗಿ ಬಹಳ ಹೊತ್ತಾಗಿತ್ತು.

ನಾನು ಹೋಗುವವರೆಗೆ ನನ್ನ ಮೆಷಿನ್ ಬಿಟ್ಟು ಫಸ್ಟ್ ಶಿಫ್ಟಿನ ಶಿವಣ್ಣ ಕದಲುವಂತಿರಲಿಲ್ಲ. ಹಾಗೆ ಸಿಕ್ಕಿಬಿದ್ದ ರಾಮನಗರದ ಕಡೆಯವರನ್ನು ಹತ್ತಿಸಿಕೊಳ್ಳಲು ಕಂಪನಿ ಬಸ್ಸೂ ಕಾಯಿತು. ಅದು ರಾಮನಗರ ತಲುಪುವ ಹೊತ್ತಿಗೆ ಅದರಲ್ಲಿದ್ದ ಕೆಲವರು ಹಿಡಿಯಬೇಕಿದ್ದ ಕನಕಪುರದ ಬಸ್ಸು ಹೊರಟುಹೋಗಿತ್ತಂತೆ. ಪಾಪ, ಕನಕಪುರದವರು ಆ ಹುರುಳಿಯನ್ನು ಕಣ್ಣಲ್ಲೂ ಕಂಡಿರಲಿಲ್ಲ.

ಮಾರನೇ ದಿನ ಡ್ರೈವರ್ ಹುರುಳಿಯ ಮೇಲೆ ಹತ್ತಿಸದೆ ಮೊದಲೇ ಬಸ್ ನಿಲ್ಲಿಸಿದ. ಮುದುಕಿ ಕಿಟಕಿ ಹತ್ತಿರ ಬಂದಳು.

"ನೀವೂ ಬಿಡದಿ ಕಂಪ್ನಿಯೋರಾ? ನಮ್ ಶಿವಣ್ಣ ನಿನ್ನೆ ಹೊತ್ ಮುಳುಗಿದ್ ಮ್ಯಾಲೆ ಬಂದ. ಅವನ ಜಾಗಕ್ಕೆ ಬರೋನು ಯಾವನೋ ಲೇಟಂತೆ. ಗಾಳಿ ಇದ್ದಾಗ ಹುರುಳಿ ತೂರಕ್ಕೆ ಆಳಿಲ್ದಂಗಾಯ್ತು."

"ಆ ಯಾವನೋ ನಾನೇ ಕಣವ್ವ."



"ಬಸ್ ನಂಬ್ಕೊಂಡೋರು ಒಸಿ ಮುಂಚೇನೇ ಹೊರಡ್ಬೇಕು ಕಣಪ್ಪ" ಎಂದು ಬುದ್ಧಿ ಹೇಳಿ, ಬಸ್ಸಿನ ಮುಂದೆ ಇನ್ನೊಂದು ಹೊರೆ ಬಿಚ್ಚಿ ಹರಡಿದಳು.