ಹೈಪೋ, ಅಂದರೆ ಕಡಿಮೆ

ಪಶುವೈದ್ಯ ಸಹಾಯಕರಿಗೆ ವೈದ್ಯಕೀಯ ಪದಗಳನ್ನು ಕಲಿಸುವುದೆಂದರೆ ಕಾಗುಣಿತ ತಿದ್ದುವುದಷ್ಟೇ ಎಂದು ಹಲವರು ತಿಳಿದಿದ್ದ ಕಾಲದಲ್ಲಿ, ಅದು ಜೀವ ಕಾಯುವ ವಿದ್ಯೆ ಎಂದು ನಂಬಿ ಇಪ್ಪತ್ತೊಂಬತ್ತು ವರ್ಷ ಅದೊಂದನ್ನೇ ಕಲಿಸಿದವರು ನಮ್ಮ ಮೇಡಂ. ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ವೈದ್ಯರು ನಮ್ಮ ಪ್ರಾಣಿ ಆಸ್ಪತ್ರೆಯಲ್ಲಿ ಹಲವರಿದ್ದಾರೆ. ಆ ವೈದ್ಯರು ಬರೆದದ್ದನ್ನು ಸರಿಯಾಗಿ ಓದಿ, ಹೇಳಿದ್ದನ್ನು ಸರಿಯಾಗಿ ಕೇಳಿಸಿಕೊಳ್ಳಬಲ್ಲ ನೂರಾರು ಸಹಾಯಕರನ್ನು ಸಿದ್ಧಪಡಿಸಿದವರು ಮಾತ್ರ ಇವರೊಬ್ಬರೇ. ಈ ಅಭಿನಂದನ ಸಂಪುಟಕ್ಕೆ ಬರೆಯುವ ಅವಕಾಶ ನನಗೆ ಸಿಕ್ಕಿರುವುದು ಅವರ ಶಿಷ್ಯರಲ್ಲಿ ನಾನು ಜಾಣೆ ಎಂಬ ಕಾರಣಕ್ಕಲ್ಲ. ಅವರ ಪಾಠದ ಬೆಲೆ ಏನೆಂಬುದನ್ನು ಎಲ್ಲರಿಗಿಂತ ಕೆಟ್ಟ ರೀತಿಯಲ್ಲಿ ಕಲಿತವಳು ನಾನು.

ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಬಾಲದ ಮೇಡಂ’. ಅಡ್ಡಹೆಸರನ್ನು ಅವರೇ ಸಂಪಾದಿಸಿಕೊಂಡದ್ದು. “ಪದಕ್ಕೂ ತಲೆ, ಒಡಲು, ಬಾಲ ಇರುತ್ತೆ. ‘ಐಟಿಸ್’ ಅಂತ ಬಾಲ ಇದ್ರೆ ಉರಿಯೂತ. ‘ಆಟಮಿ’ ಅಂದ್ರೆ ಕೊಯ್ದು ತೆರೆಯೋದು, ‘ಎಕ್ಟಮಿ’ ಅಂದ್ರೆ ಕೊಯ್ದು ತೆಗೆದೇಬಿಡೋದು. ಬಾಲ ನೋಡದೆ ಪ್ರಾಣಿ ಹತ್ರ ಹೋಗ್ಬೇಡಿ” ಎಂದು ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಅವರು ಹೇಳುತ್ತಿದ್ದರು. ನಗು ನಿಲ್ಲುವವರೆಗೆ ಕಾದು, ನಗದೆ ಮುಂದುವರಿಯುತ್ತಿದ್ದರು.

ನಾನು ಆಸ್ಪತ್ರೆಗೆ ಬಂದದ್ದು ಬೋನು ತೊಳೆಯುವ ಕೆಲಸಕ್ಕೆ. ಆಗ ನನಗೆ ಮೂವತ್ತನಾಲ್ಕು ವರ್ಷ. ಬೋನುಗಳಿಗೆ ಕಟ್ಟಿದ ಚೀಟಿಗಳ ಮೇಲಿನ ಪದಗಳನ್ನು ಅರ್ಥ ತಿಳಿಯದೆಯೇ ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದೆ. ಅದನ್ನು ಮೇಡಂ ಒಮ್ಮೆ ಕಂಡರು. ಬೈಯುತ್ತಾರೆಂದು ಕೈಯನ್ನು ಸೆರಗಿನಲ್ಲಿ ಅಡಗಿಸಿದೆ. ಮರುದಿನ ಅವರು ನನ್ನ ಕೈಗಿತ್ತದ್ದು ರಟ್ಟಿನ ಚೀಟಿಗಳ ಒಂದು ಕಟ್ಟು. ಒಂದು ಬದಿಗೆ ಕನ್ನಡ ಅಕ್ಷರಗಳಲ್ಲಿ ವೈದ್ಯರ ಪದ, ಇನ್ನೊಂದು ಬದಿಗೆ ಅದರ ಅರ್ಥ, ಎಲ್ಲವೂ ಅವರದೇ ಕೈಬರಹ. ಮನೆಯಲ್ಲಿ ಸೊಪ್ಪು ಬಿಡಿಸುತ್ತ ನನ್ನ ಅತ್ತೆ ಆ ಚೀಟಿಗಳನ್ನು ಹಿಡಿದು ನನಗೆ ಪರೀಕ್ಷೆ ಮಾಡುತ್ತಿದ್ದರು. “ಗ್ಯಾಸ್ಟ್ರೈಟಿಸ್ ಅಂದ್ರೆ ಹೊಟ್ಟೆ ಉರಿ ತಾನೆ? ಹಾಗಾದ್ರೆ ನಿನ್ನ ಓರಗಿತ್ತಿಗೆ ಈ ಕಾಯಿಲೆ ಹಳೇದು ಬಿಡು” ಎಂದು ಅವರು ಹೇಳಿದ್ದು ಇಂದಿಗೂ ನಮ್ಮ ಮನೆಯ ಮಾತಾಗಿ ಉಳಿದಿದೆ. ಎರಡು ವರ್ಷ ಓದಿ ಪರೀಕ್ಷೆ ಮುಗಿಸಿ, ಬೋನು ತೊಳೆದಿದ್ದ ಅದೇ ವಾರ್ಡಿನಲ್ಲಿ ನಾನು ಸಹಾಯಕಿಯಾದೆ.

ಆ ಕೆಲಸದ ಐದನೆಯ ತಿಂಗಳಲ್ಲಿ ನಡೆದುದನ್ನು ಇಲ್ಲಿ ಬರೆಯಲೇಬೇಕು. ಗಡಿಯಾರ ರಿಪೇರಿ ಮಾಡುವವರೊಬ್ಬರ ಮುದಿ ಬೆಕ್ಕು ವಾರ್ಡಿನಲ್ಲಿತ್ತು. ಅದಕ್ಕೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಬೇಕು. ಬೆಳಿಗ್ಗೆ ಅದು ಮಂಕಾಗಿ ಮಲಗಿದ್ದರಿಂದ ರಕ್ತವನ್ನು ಪರೀಕ್ಷೆಗೆ ಕಳಿಸಿದ್ದೆವು. ಹತ್ತೂವರೆಗೆ ಲ್ಯಾಬಿನಿಂದ ಫೋನ್ ಬಂತು. ವಾರ್ಡಿನ ತುಂಬ ನಾಯಿಗಳ ಬೊಗಳಾಟ. ಆ ಕಡೆಯವರು ಪದವನ್ನಷ್ಟೇ ಹೇಳಿ, ಅಂಕಿಯ ಕಾಗದ ಆಮೇಲೆ ಕಳಿಸುತ್ತೇವೆಂದು ಫೋನ್ ಇಟ್ಟರು. ಅವರು ಹೇಳಿದ್ದು ‘ಹೈಪೋಗ್ಲೈಸೀಮಿಯಾ’, ಸಕ್ಕರೆ ತೀರ ಕಡಿಮೆ ಎಂದು. ನಾನು ಚೀಟಿಯಲ್ಲಿ ಬರೆದದ್ದು ‘ಹೈಪರ್’, ಸಕ್ಕರೆ ಹೆಚ್ಚು ಎಂದು. ಚೀಟಿ ನೋಡಿದ ಕಿರಿಯ ವೈದ್ಯರು ಇನ್ಸುಲಿನ್ ಕೊಡಿಸಿದರು. ಇದ್ದ ಸಕ್ಕರೆಯನ್ನೂ ಇಳಿಸುವ ಮದ್ದು ಅದು.

ಅರ್ಧ ಗಂಟೆಯಲ್ಲಿ ಬೆಕ್ಕಿನ ಕಾಲುಗಳು ಸೆಟೆದುಕೊಂಡವು. ಅದೇ ಹೊತ್ತಿಗೆ ಲ್ಯಾಬಿನ ಕಾಗದ ಹಿಡಿದುಕೊಂಡು ಮೇಡಂ ಒಳಗೆ ಬಂದರು. ಕಾಗದವನ್ನೂ ನನ್ನ ಚೀಟಿಯನ್ನೂ ಒಮ್ಮೆ ನೋಡಿದರು. “ಸಕ್ಕರೆ ನೀರು ತಾ. ಡಾಕ್ಟರನ್ನ ಕೂಗು. ಅಳೋದು ಆಮೇಲೆ.” ವೈದ್ಯರು ಓಡಿ ಬಂದು ರಕ್ತನಾಳಕ್ಕೆ ಗ್ಲೂಕೋಸ್ ಏರಿಸುತ್ತಿದ್ದರೆ ಮೇಡಂ ಬೆರಳಿನಿಂದ ಬೆಕ್ಕಿನ ಒಸಡಿಗೆ ಸಕ್ಕರೆ ನೀರು ಸವರುತ್ತಿದ್ದರು. ಮಧ್ಯಾಹ್ನದ ಊಟವಿಲ್ಲದೆ, ಕಾಲು ಗಂಟೆಗೊಮ್ಮೆ ಕಿವಿಯಂಚಿನಿಂದ ಹನಿ ರಕ್ತ ತೆಗೆದು ಅಂಕಿ ನೋಡುತ್ತ, ಸಂಜೆ ಐದರವರೆಗೆ ನಾವಿಬ್ಬರೂ ಆ ಮೇಜಿನ ಪಕ್ಕದಲ್ಲೇ ನಿಂತಿದ್ದೆವು. ಅಂಕಿ ಏರಿದಾಗ ಉಸಿರು ಬಿಡುತ್ತಿದ್ದೆ, ಮತ್ತೆ ಇಳಿದಾಗ ಅವರ ಮುಖ ನೋಡುತ್ತಿದ್ದೆ. ಅವರು ಆಗಲೇ ಮುಂದಿನ ಹನಿಗೆ ಸೂಜಿ ಸಿದ್ಧಮಾಡುತ್ತಿರುತ್ತಿದ್ದರು.

ಬೆಕ್ಕು ಬದುಕಿತು. ಆದರೆ ಕಣ್ಣು ಕಾಣದೆ ಬೋನಿನ ಗೋಡೆಗೆ ಮುಖ ಗುದ್ದಿಕೊಳ್ಳುತ್ತಿತ್ತು. ಸಂಜೆ ಅದರ ಯಜಮಾನರು ಬರುವವರಿದ್ದರು.

“ನಾನು ಹೇಳ್ಲಾ, ನೀನು ಹೇಳ್ತೀಯಾ?” ಎಂದು ಮೇಡಂ ಕೇಳಿದರು.

“ಹೇಳ್ಲೇಬೇಕಾ ಮೇಡಂ? ಬದುಕಿದೆಯಲ್ಲ.”

“ಮನೇಲಿ ಅದು ಗೋಡೆಗೆ ಢಿಕ್ಕಿ ಹೊಡೆದಾಗ ಅವರು ಯಾರನ್ನ ಕೇಳ್ಬೇಕು?”

ನಾನೇ ಹೇಳಿದೆ. ಮೇಡಂ ಪಕ್ಕದಲ್ಲಿ ನಿಂತಿದ್ದರು. ಗಡಿಯಾರದವರು ಬೆಕ್ಕನ್ನು ಎತ್ತಿ ಎದೆಗೆ ಒತ್ತಿಕೊಂಡರು. ಕೊನೆಗೆ, “ನೀವು ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ. ಹೇಳಿದ್ರಿ, ಒಳ್ಳೇದು. ಆದ್ರೆ ಇನ್ನು ಇಲ್ಲಿಗೆ ಕರ್ಕೊಂಡು ಬರೋಕೆ ನಂಗೆ ಧೈರ್ಯ ಇಲ್ಲ” ಎಂದರು. ಮೂರು ದಿನಗಳ ಮೇಲೆ ಬೆಕ್ಕಿನ ದೃಷ್ಟಿ ಮರಳಿತೆಂದು ಫೋನಿನಲ್ಲಿ ತಿಳಿಸಿದರು. ಅವರು ಮಾತ್ರ ಮತ್ತೆ ಬರಲಿಲ್ಲ.

ಕೆಲಸ ಹೋಯಿತೆಂದೇ ನಾನು ತಿಳಿದಿದ್ದೆ. ಮೇಡಂ ಹಿರಿಯ ವೈದ್ಯರ ಕೋಣೆಗೆ ಹೋಗಿ, “ಪದ ಕಲಿಸಿದೆ, ಫೋನಿನಲ್ಲಿ ಕೇಳೋದು ಕಲಿಸಲಿಲ್ಲ. ಆ ತಪ್ಪು ನನ್ನದು” ಎಂದರಂತೆ. ಮರುದಿನದಿಂದ ಆಸ್ಪತ್ರೆಯಲ್ಲಿ ಹೊಸ ಕಟ್ಟಳೆ ಬಂತು: ಫೋನಿನಲ್ಲಿ ಯಾವ ಪದ ಕೇಳಿದರೂ ಅದನ್ನು ತಿರುಗಿ ಹೇಳಬೇಕು, ಜೊತೆಗೆ ಅದರ ಅರ್ಥವನ್ನೂ ಹೇಳಬೇಕು. “ಹೈಪೋ, ಅಂದರೆ ಕಡಿಮೆ.” “ಹೈಪರ್, ಅಂದರೆ ಹೆಚ್ಚು.” ಅಂಕಿ ತಿಳಿಯದೆ ಫೋನ್ ಇಡುವಂತಿಲ್ಲ. ಹನ್ನೆರಡು ವರ್ಷಗಳಿಂದ ನಮ್ಮ ವಾರ್ಡಿನಲ್ಲಿ ಹಾಗೆಯೇ ನಡೆದಿದೆ.

ಅವರ ನಿವೃತ್ತಿಗೆ ಇನ್ನೂ ಒಂದೂವರೆ ವರ್ಷವಿತ್ತು. ಅದು ಇಷ್ಟು ಬೇಗ ಬಂದದ್ದು ಹೇಗೆಂಬುದನ್ನು ಮರೆಮಾಚಬಾರದೆಂದು ಅವರೇ ನನಗೆ ಹೇಳಿರುವುದರಿಂದ ಬರೆಯುತ್ತಿದ್ದೇನೆ. ಎರಡು ತಿಂಗಳ ಹಿಂದೆ ತರಗತಿಯಲ್ಲಿ ಮೂತ್ರಕೋಶದ ಕಲ್ಲಿನ ಪಾಠ ನಡೆಯುತ್ತಿತ್ತು. ಅವರ ಸಹಾಯಕ್ಕೆಂದು ನಾನು ಹಿಂದಿನ ಬೆಂಚಿನಲ್ಲಿದ್ದೆ. ವಿದ್ಯಾರ್ಥಿನಿಯೊಬ್ಬಳು ಸರಿಯಾಗಿಯೇ ‘ಸಿಸ್ಟಾಟಮಿ’, ಅಂದರೆ ಮೂತ್ರಕೋಶವನ್ನು ಕೊಯ್ದು ತೆರೆಯುವುದು, ಎಂದಳು. “ತಪ್ಪು. ಕಲ್ಲು ತೆಗೆಯೋಕೆ ಮೂತ್ರಕೋಶಾನೇ ತೆಗೀತೀಯಾ?” ಎಂದು ಮೇಡಂ ಗದರಿದರು. ಹುಡುಗಿ ತಬ್ಬಿಬ್ಬಾದಳು. ತರಗತಿ ಮುಗಿದ ಮೇಲೆ ಅವರು ನನ್ನ ಬಳಿ ಬಂದು ನಿಂತರು.

“ಅವಳು ಏನಂದ್ಲು?”

“ಪರವಾಗಿಲ್ಲ ಬಿಡಿ ಮೇಡಂ.”

“ಅದು ನಾನು ಕೇಳಿದ್ದಕ್ಕೆ ಉತ್ತರ ಅಲ್ಲ.”

ಹೇಳಿದೆ. ಅವಳು ಅಂದದ್ದು ‘ಆಟಮಿ’, ಅವರಿಗೆ ಕೇಳಿಸಿದ್ದು ‘ಎಕ್ಟಮಿ’. ಅವರು ಮತ್ತೆ ತರಗತಿಗೆ ಹೋಗಿ ಆ ಹುಡುಗಿಯ ಕ್ಷಮೆ ಕೇಳಿದರು. ಅದೇ ವಾರ ಹಿರಿಯ ವೈದ್ಯರ ಮುಂದೆ ತಮ್ಮ ನಿವೃತ್ತಿ ಪತ್ರ ಇಟ್ಟರು. ನಾನೂ ಅಲ್ಲಿದ್ದೆ. “ಕಿವಿಗೆ ಯಂತ್ರ ಹಾಕ್ಕೊಂಡ್ರೆ ಆಯ್ತಲ್ಲ ಮೇಡಂ, ಇದೇನು ದೊಡ್ಡ ಮಾತು?” ಎಂದರು ಹಿರಿಯ ವೈದ್ಯರು.

“ಆರು ತಿಂಗಳಿಂದ ಹಾಕ್ಕೊಂಡೇ ಬರ್ತಿದೀನಿ ಸಾರ್. ಮೊನ್ನೆ ತಪ್ಪಾಗಿದ್ದು ಅದು ಕಿವೀಲಿ ಇದ್ದಾಗಲೇ.”

ಹಿರಿಯ ವೈದ್ಯರು ಪತ್ರವನ್ನು ಹತ್ತಿರಕ್ಕೆಳೆದು ಸಹಿ ಹಾಕಿದರು.

ಮುಂದಿನ ತಿಂಗಳಿಂದ ಅವರ ತರಗತಿಯನ್ನು ನಾನು ನಡೆಸಬೇಕು. ಆ ಆದೇಶ ಕೈಸೇರಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ. ಕಳೆದ ಭಾನುವಾರ ಅವರ ಮನೆಗೆ ಹೋಗಿದ್ದೆ. ಊಟದ ಮೇಜಿನ ತುಂಬ ಹಾಳೆಗಳು: ಸಹಾಯಕರಿಗಾಗಿ ಅವರು ಬರೆಯುತ್ತಿರುವ ಪದಕೋಶ ಈಗ ‘ಪ’ಕಾರಕ್ಕೆ ಬಂದಿದೆ. ಕಿವಿ ಕೈಕೊಟ್ಟರೂ ಕಣ್ಣು ಇನ್ನೂ ಮಾತು ಕೇಳುತ್ತಿದೆ ಎಂದು ನಕ್ಕರು. ನನ್ನಿಂದ ಪಾಠ ಆಗುವುದಿಲ್ಲ ಎಂದೆ. ಕೇಳಿಸಲಿಲ್ಲ. ಹಾಳೆಯೊಂದರ ಅಂಚಿನಲ್ಲಿ ಬರೆದು ತೋರಿಸಿದೆ: ‘ತುಂಬ ಭಯ ಆಗುತ್ತಿದೆ ಮೇಡಂ.’

ಅವರು ಓದಿ, ಅದರ ಕೆಳಗೇ ಪೆನ್ಸಿಲಿನಲ್ಲಿ ಬರೆದರು: ‘ನನಗೂ ಇಪ್ಪತ್ತೊಂಬತ್ತು ವರ್ಷದಿಂದ ಆಗುತ್ತಿದೆ. ಭಯ ಇಲ್ಲದವರ ಕೈಗೆ ಆ ತರಗತಿ ಕೊಡುತ್ತಿರಲಿಲ್ಲ.’

ಆ ಹಾಳೆಯನ್ನು ಕೇಳಿ ತಂದಿದ್ದೇನೆ. ಅವರ ಪದಕೋಶ ‘ಪ’ಕಾರವನ್ನು ದಾಟಿ ಕೊನೆಯ ಅಕ್ಷರವನ್ನು ಮುಟ್ಟಲಿ, ಅದರ ಎರಡನೆಯ, ಮೂರನೆಯ ಮುದ್ರಣಗಳನ್ನೂ ಅವರೇ ತಿದ್ದುವಷ್ಟು ಆಯುಷ್ಯ, ಆರೋಗ್ಯ ಅವರಿಗಿರಲಿ. ನಾವು ತಪ್ಪಿದಾಗ ಬರೆದು ತಿಳಿಸಲು, ಮೇಜಿನ ಆಚೆ ಬದಿಯಲ್ಲಿ ಅವರು ಬಹುಕಾಲ ಕುಳಿತಿರಲಿ.